ಕಾಯಿಲೆ ಅಪ್ಪನದು, ಕೆಲಸ ನಿನ್ನದು

ಮಗು,

ಅಪ್ಪನ ಬಾಯಲ್ಲಿರುವ ಹುಣ್ಣು ಕ್ಯಾನ್ಸರ್ ಎಂದು ಬಯಾಪ್ಸಿ ರಿಪೋರ್ಟು ಬಂದಾಗ ನೀನು ಫೋನಿನಲ್ಲಿ ಕೇಳಿದ್ದು ಒಂದೇ ಪ್ರಶ್ನೆ: "ಅತ್ತೆ, ಅಪ್ಪಂಗೆ ಹೇಳ್ಬೇಕಾ, ಬೇಡ್ವಾ?" ಹೇಳಲೇಬೇಕು ಎಂದು ಆಗಲೇ ಹೇಳಿದೆ. ಆದರೆ ಗಂಟಲಲ್ಲೇ ಉಳಿಸಿಕೊಂಡ ಪ್ರಶ್ನೆಗಳು ಇನ್ನೂ ಹತ್ತಾರು ಇರುತ್ತವೆ. ಬೆಂಗಳೂರಿನ ಕ್ಯಾನ್ಸರ್ ವಾರ್ಡುಗಳಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ರೋಗಿಗಳನ್ನು ಎಷ್ಟು ನೋಡಿದ್ದೇನೋ, ಅವರ ಮಂಚದ ಪಕ್ಕ ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗುವ ಮಕ್ಕಳನ್ನೂ ಅಷ್ಟೇ ನೋಡಿದ್ದೇನೆ. ಆಸ್ಪತ್ರೆಯಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. "ಅಟೆಂಡರ್ ಯಾರು, ಬನ್ನಿ" ಎಂದು ಕೂಗುತ್ತಾರೆ. ಇನ್ನು ಮುಂದೆ ಆ ಕೂಗಿಗೆ ಏಳಬೇಕಾದವನು ನೀನು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಒಂದೇ ಸಲಕ್ಕೆ ಓದಿ ಮುಗಿಸಬೇಡ; ಕಡೂರಿನಿಂದ ಬೆಂಗಳೂರಿಗೆ ಬರುವ ರೈಲಿನಲ್ಲಿ ಬೇಕಾದಷ್ಟು ಹೊತ್ತು ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೋ. ಕಾಯಿಲೆ ನಿನ್ನಪ್ಪನದು, ಅದರ ಬಗ್ಗೆ ತೀರ್ಮಾನವೂ ಅವನದೇ. ನಿನ್ನ ಪಾಲಿಗೆ ಬಂದಿರುವುದು ಕೆಲಸ. ಒಳ್ಳೆಯ ಮಕ್ಕಳು ಎಡವುವುದು ಇಲ್ಲಿಯೇ. ಪ್ರೀತಿ ಹೆಚ್ಚಾಗಿ, ಅಪ್ಪನ ಪರವಾಗಿ ಎಲ್ಲವನ್ನೂ ತಾವೇ ನಿರ್ಧರಿಸಲು ಶುರು ಮಾಡುತ್ತಾರೆ. ನಿನ್ನೆಯವರೆಗೆ ಮನೆಯ ಯಜಮಾನನಾಗಿದ್ದವನು ಇವತ್ತು ತನ್ನ ಕಾಯಿಲೆಯ ಬಗ್ಗೆ ಬೇರೆಯವರು ಪಿಸುಗುಟ್ಟುವುದನ್ನು ಕೇಳಿಸಿಕೊಂಡು ಗೋಡೆ ನೋಡುತ್ತ ಮಲಗುತ್ತಾನೆ. ಆ ಮೌನವನ್ನು ಮನೆಯವರು ಶಾಂತಿ ಎಂದುಕೊಳ್ಳುತ್ತಾರೆ. ನಾನು ವಾರ್ಡಿನಲ್ಲಿ ಕಂಡಂತೆ ಅದು ಒಂಟಿತನ.

ನಮ್ಮ ಕಡೆ ಈ ರೋಗದ ಹೆಸರು ಹೇಳಲು ಇವತ್ತಿಗೂ ಹಿಂಜರಿಯುತ್ತಾರೆ. "ಗಡ್ಡೆ" ಎನ್ನುತ್ತಾರೆ, "ದೊಡ್ಡ ಕಾಯಿಲೆ" ಎನ್ನುತ್ತಾರೆ, ರಿಪೋರ್ಟಿನ ಫೈಲನ್ನು ಟ್ರಂಕಿನ ತಳಕ್ಕೆ ತಳ್ಳುತ್ತಾರೆ. ರೋಗಿಗೆ ಗೊತ್ತಿಲ್ಲ ಎಂದು ನಂಬಿರುವವರು ಮನೆಯವರು ಮಾತ್ರ. ಕಿದ್ವಾಯಿ ಆಸ್ಪತ್ರೆಯ ಗೇಟು ದಾಟುವಾಗ ಬೋರ್ಡು ಓದಲು ಬಾರದವನಿಗೂ ಅದು ಯಾವ ಆಸ್ಪತ್ರೆ ಎಂದು ಗೊತ್ತಿರುತ್ತದೆ. 1973ರಿಂದ ಈ ನಾಡಿನ ಮೂಲೆಮೂಲೆಯ ಜನ ಅಲ್ಲಿಗೆ ಬರುತ್ತಿದ್ದಾರೆ. 2024ರ ಡಿಸೆಂಬರ್‌ನಲ್ಲಿ ಶಿವರಾಜ್‌ಕುಮಾರ್ ಅಮೆರಿಕಕ್ಕೆ ಹೋಗಿ ಮೂತ್ರಕೋಶದ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದು, ಆ ವಿಷಯವನ್ನು ಜನರ ಮುಂದೆ ಬಾಯ್ಬಿಟ್ಟು ಹೇಳಿದರು. ಒಬ್ಬ ದೊಡ್ಡ ನಟ ಹಾಗೆ ಹೇಳಿದ್ದರಿಂದ ಎಷ್ಟೋ ಮನೆಗಳಲ್ಲಿ ಆ ಪದಕ್ಕಿದ್ದ ಮೈಲಿಗೆ ಸ್ವಲ್ಪ ಕಡಿಮೆಯಾಗಿರಬೇಕು ಎಂದು ನನಗನ್ನಿಸುತ್ತದೆ. ನಿನ್ನಪ್ಪನಿಗೆ ಡಾಕ್ಟರು ಹೇಳುವಾಗ ನೀನು ಪಕ್ಕದಲ್ಲಿ ಕೂತಿರು. ಮೊದಲು "ಎಷ್ಟು ತಿಳ್ಕೋಬೇಕು ಅಂತಿದೀಯಪ್ಪ, ಎಲ್ಲ ಹೇಳ್ಲಾ?" ಎಂದು ಅವನನ್ನೇ ಕೇಳು. ಕೆಲವರಿಗೆ ಪೂರ್ತಿ ಬೇಕು, ಕೆಲವರಿಗೆ ಮುಂದಿನ ಹೆಜ್ಜೆ ಗೊತ್ತಾದರೆ ಸಾಕು. ಅವನು ಕೇಳಿದಷ್ಟು ಹೇಳು. ಆದರೆ ಹೇಳಿದ್ದರಲ್ಲಿ ಒಂದು ಸುಳ್ಳೂ ಇರಬಾರದು. ಒಂದು ಸುಳ್ಳು ಸಿಕ್ಕಿಬಿದ್ದರೆ ಆಮೇಲೆ ನೀನು ನೀಡುವ ಯಾವ ಧೈರ್ಯವನ್ನೂ ಅವನು ನಂಬುವುದಿಲ್ಲ.

ಇನ್ನು ಅಡಿಕೆಯ ವಿಷಯ. ಇದನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಅದಕ್ಕೇ ನಾನು ಆಡುತ್ತೇನೆ. ನಿನ್ನಪ್ಪ ಮೀಸೆ ಮೂಡುವ ವಯಸ್ಸಿನಿಂದ ಎಲೆಅಡಿಕೆಗೆ ಹೊಗೆಸೊಪ್ಪು ಸೇರಿಸಿಕೊಂಡು ಹಾಕಿದವನು, ರಾತ್ರಿ ಕೆನ್ನೆಯಲ್ಲಿಟ್ಟುಕೊಂಡೇ ಮಲಗಿದವನು. ಹೊಗೆಸೊಪ್ಪು ಸೇರಿಸದ ಬರೀ ಅಡಿಕೆಯೂ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಖಚಿತಪಡಿಸಿದೆ. ಅಡಿಕೆ ತೋಟದ ದುಡ್ಡಿನಲ್ಲೇ ನಾನು ನರ್ಸಿಂಗ್ ಓದಿದ್ದು, ಅದರಲ್ಲೇ ನೀನು ಇಂಜಿನಿಯರಿಂಗ್ ಓದಿದ್ದು. ಹಾಗೆಂದು ಸತ್ಯವನ್ನು ಮುಚ್ಚಿಡಲಾಗದು. ಆದರೆ ಈಗ ನಿನ್ನಪ್ಪನ ಎದುರು ನಿಂತು "ಆಗ್ಲೇ ಬಿಡು ಅಂದ್ರೆ ಬಿಟ್ಯಾ?" ಎನ್ನುವ ಮಾತು ನಿನ್ನ ಬಾಯಿಂದ ಬರಬಾರದು. ಅದನ್ನು ಅವನು ಪ್ರತಿ ರಾತ್ರಿ ತನಗೆ ತಾನೇ ಹೇಳಿಕೊಳ್ಳುತ್ತಿರುತ್ತಾನೆ. ಬಿಡಿಸುವ ಕೆಲಸ ಮಾತ್ರ ಇವತ್ತೇ ಆಗಬೇಕು. ಹೊಗೆಸೊಪ್ಪು ಬಿಡದಿದ್ದರೆ ಚಿಕಿತ್ಸೆಯ ಫಲ ಕಡಿಮೆಯಾಗುತ್ತದೆ, ಗಾಯ ಮಾಯುವುದು ತಡವಾಗುತ್ತದೆ. ಮನೆಯಲ್ಲಿರುವ ಎಲೆಚೀಲ, ಸುಣ್ಣದ ಡಬ್ಬಿ ಎಲ್ಲವನ್ನೂ ತೆಗೆಸು. ಜೊತೆಗೆ ನಿನ್ನ ಜೇಬಿನಲ್ಲಿರುವ ಗುಟ್ಕಾ ಪೊಟ್ಟಣವನ್ನೂ. ಮಗನ ಬಾಯಿಂದ ಆ ವಾಸನೆ ಬರುತ್ತಿದ್ದರೆ ಅಪ್ಪನಿಗೆ ಯಾರು ಹೇಳಿಯೂ ಉಪಯೋಗವಿಲ್ಲ.

ಸುದ್ದಿ ಊರಿಗೆ ಗೊತ್ತಾಗುತ್ತಲೇ ಸಲಹೆಗಳು ಸುರಿಯುತ್ತವೆ. ಚಾಕು ಮುಟ್ಟಿಸಿದರೆ ಹರಡುತ್ತದೆ ಎನ್ನುವವರು ಬರುತ್ತಾರೆ. ಬಯಾಪ್ಸಿಯಿಂದಾಗಲಿ ಶಸ್ತ್ರಚಿಕಿತ್ಸೆಯಿಂದಾಗಲಿ ಬಾಯಿಯ ಕ್ಯಾನ್ಸರ್ ಹರಡುವುದಿಲ್ಲ. ತಡ ಮಾಡಿದರೆ ಹರಡುತ್ತದೆ. ಸಾಗರ ತಾಲ್ಲೂಕಿನ ನರಸೀಪುರದ ನಾಟಿ ವೈದ್ಯರ ಹತ್ತಿರ ಹೋಗಿ ಔಷಧಿಯ ತೊಗಟೆ ತನ್ನಿ ಎನ್ನುವವರೂ ಇರುತ್ತಾರೆ. ಅಲ್ಲಿ ಸಾಲು ನಿಂತ ಕುಟುಂಬಗಳನ್ನು ನಾನು ಹಗುರವಾಗಿ ಕಾಣಲಾರೆ. ಕೈಚೆಲ್ಲಿ ಕೂರಲಾಗದವರು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ನಿನಗೆ ನನ್ನ ಕಟ್ಟಪ್ಪಣೆ ಎರಡೇ. ಯಾವ ಕಾರಣಕ್ಕೂ ಆಸ್ಪತ್ರೆಯ ದಿನಾಂಕ ಮುಂದಕ್ಕೆ ಹೋಗಬಾರದು. ಯಾವ ಕಷಾಯ, ಯಾವ ಪುಡಿ, ಯಾವ ಸೊಪ್ಪಿನ ರಸ ಕೊಡುವುದಿದ್ದರೂ ಮೊದಲು ಡಾಕ್ಟರಿಗೆ ತೋರಿಸಬೇಕು. ಮನೆಯ ಹಿತ್ತಲಲ್ಲಿ ಬೆಳೆಯುವ ಅಮೃತಬಳ್ಳಿ ಕೂಡ ಕೆಲವರ ಯಕೃತ್ತಿಗೆ ಪೆಟ್ಟು ಕೊಟ್ಟದ್ದುಂಟು. ಕೀಮೋ ನಡೆಯುವಾಗ ಯಕೃತ್ತು, ಮೂತ್ರಪಿಂಡ ಎರಡೂ ಮೊದಲೇ ದುಡಿದು ಸುಸ್ತಾಗಿರುತ್ತವೆ. ಸಲಹೆ ಕೊಡುವವರ ಜೊತೆ ಜಗಳಕ್ಕೆ ನಿಲ್ಲಬೇಡ. "ಡಾಕ್ಟರನ್ನ ಒಂದ್ಮಾತು ಕೇಳ್ತೀನಿ ದೊಡ್ಡಪ್ಪ" ಎಂದರೆ ಹಿರಿಯರ ಮಾನವೂ ಉಳಿಯುತ್ತದೆ, ನಿನ್ನ ಹೊತ್ತೂ ಉಳಿಯುತ್ತದೆ.

ಈಗ ಕಾಗದಪತ್ರ. ಒಂದು ಗಟ್ಟಿ ಫೈಲು ತೆಗೆದುಕೋ. ಬಯಾಪ್ಸಿ ರಿಪೋರ್ಟು, ಸ್ಕ್ಯಾನಿನ ಫಿಲ್ಮು ಮತ್ತು ಸಿ.ಡಿ., ರಕ್ತಪರೀಕ್ಷೆಗಳು, ಡಿಸ್ಚಾರ್ಜ್ ಸಮರಿ ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸು. ಬಯಾಪ್ಸಿಯ ಸ್ಲೈಡು, ಬ್ಲಾಕು ಎಂಬುವು ಲ್ಯಾಬಿನಲ್ಲೇ ಇರುತ್ತವೆ, ಕೇಳಿ ಪಡೆದುಕೋ. ಇನ್ನೊಂದು ಆಸ್ಪತ್ರೆಗೆ ಹೋದರೆ ಅವರು ಮೊದಲು ಕೇಳುವುದು ಅದನ್ನೇ. ಕೊನೆಯ ಹಾಳೆಯಲ್ಲಿ ನಿನ್ನ ಕೈಬರಹದಲ್ಲಿ ಅಪ್ಪನ ಬಿ.ಪಿ., ಶುಗರ್ ಮಾತ್ರೆಗಳ ಹೆಸರು, ಯಾವ ಔಷಧಿ ಒಗ್ಗುವುದಿಲ್ಲ ಎಂಬುದು, ಪ್ರತಿ ವಾರದ ತೂಕ ಇಷ್ಟನ್ನು ಬರೆದಿಡು. ರಾತ್ರಿ ಎರಡು ಗಂಟೆಗೆ ಕ್ಯಾಜುವಾಲ್ಟಿಯಲ್ಲಿ ಹೊಸ ಡಾಕ್ಟರು ಕೇಳಿದಾಗ ಆ ಒಂದು ಹಾಳೆ ನಿನ್ನ ನೆನಪಿಗಿಂತ ಚೆನ್ನಾಗಿ ಮಾತಾಡುತ್ತದೆ. ಓಪಿಡಿಗೆ ಹೋಗುವ ಮುಂಚೆ ಪ್ರಶ್ನೆಗಳನ್ನೂ ಬರೆದುಕೊಂಡು ಹೋಗು. ಡಾಕ್ಟರಿಗೆ ಸಿಗುವ ಹೊತ್ತು ಕಡಿಮೆ. ಬರೆದು ತಂದವನಿಗೆ ಉತ್ತರ ಸಿಗುತ್ತದೆ, ನೆನಪಿಸಿಕೊಳ್ಳುತ್ತ ನಿಂತವನ ಹಿಂದೆ ಮುಂದಿನ ರೋಗಿ ಬಂದು ನಿಂತಿರುತ್ತಾನೆ.

ದುಡ್ಡಿನ ವಿಷಯದಲ್ಲಿ ಅವಸರ ಬೇಡ. ಗಾಬರಿಯಲ್ಲಿ ತೋಟ ಅಡವಿಡುವ, ಒಡವೆ ಮಾರುವ ಮೊದಲು ಆಸ್ಪತ್ರೆಯಲ್ಲಿ ಪೂರ್ತಿ ಚಿಕಿತ್ಸೆಯ ಎಸ್ಟಿಮೇಟ್ ಬರೆಸಿಕೋ. ಶಸ್ತ್ರಚಿಕಿತ್ಸೆಗೊಂದು, ರೇಡಿಯೇಷನ್‌ಗೊಂದು, ಕೀಮೋಗೊಂದು ಎಂದು ಬೇರೆಬೇರೆಯಾಗಿ ಕೇಳು. 2018ರಿಂದ ಇರುವ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎ.ಪಿ.ಎಲ್. ಕಾರ್ಡಿನವರಿಗೆ ಪ್ಯಾಕೇಜಿನ ಶೇ 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ರೇಷನ್ ಕಾರ್ಡು, ಆಧಾರ್ ಎರಡರಲ್ಲೂ ಅಪ್ಪನ ಹೆಸರು ಒಂದೇ ರೀತಿ ಇದೆಯೇ ನೋಡು. ಒಂದಕ್ಷರ ಹೆಚ್ಚುಕಮ್ಮಿಯಾದರೂ ಕೌಂಟರಿನಲ್ಲಿ ದಿನಗಟ್ಟಲೆ ಅಲೆಯಬೇಕಾಗುತ್ತದೆ. ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮೊದಲೇ ಕೈಯಲ್ಲಿರಲಿ. ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕುವುದಕ್ಕೂ ಅದೇ ಎಸ್ಟಿಮೇಟ್ ಬೇಕು. ರೈಲಿನಲ್ಲಿ, ಚಿಕಿತ್ಸೆಗೆ ಓಡಾಡುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎ.ಸಿ.ಯಲ್ಲಿ ಪ್ರಯಾಣದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯವರು ರೈಲ್ವೆಯ ನಮೂನೆಯಲ್ಲಿ ಬರೆದುಕೊಡುವ ಪ್ರಮಾಣಪತ್ರ ಬೇಕು. ಇದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ.

ಈ ಲೆಕ್ಕವನ್ನೆಲ್ಲ ಅಪ್ಪನಿಗೆ ಹೇಳು. "ದುಡ್ಡಿನ ಚಿಂತೆ ನಿಂಗ್ಯಾಕಪ್ಪ" ಎಂದು ಬಾಯಿ ಮುಚ್ಚಿಸಬೇಡ. ಕೊಬ್ಬರಿ ಯಾವಾಗ ಮಾರಬೇಕು, ಈರುಳ್ಳಿಗೆ ಎಷ್ಟು ಆಳು ಕರೆಸಬೇಕು ಎಂಬುದನ್ನು ಆಸ್ಪತ್ರೆಯ ಹಾಸಿಗೆಯಿಂದಲೇ ಅವನು ನಿರ್ಧರಿಸಲಿ. ಮಾತಾಡಲಾಗದ ದಿನಗಳಲ್ಲಿ ಸ್ಲೇಟು ಕೊಡು, ಬರೆದು ತೋರಿಸಲಿ. ಒಪ್ಪಿಗೆ ಪತ್ರಕ್ಕೆ ಅವನೇ ಸಹಿ ಹಾಕಲಿ. ಡಾಕ್ಟರು ನಿನ್ನ ಮುಖ ನೋಡಿ ಮಾತಾಡುತ್ತಿದ್ದರೆ ನೀನು ಅಪ್ಪನ ಕಡೆ ತಿರುಗು, ಅವರೂ ತಿರುಗುತ್ತಾರೆ.

ಚಿಕಿತ್ಸೆ ಹೇಗಿರುತ್ತದೆ ಎಂಬುದು ಮೊದಲೇ ಗೊತ್ತಿದ್ದರೆ ಅರ್ಧ ಭಯ ಕಳೆಯುತ್ತದೆ. ಅಪ್ಪನಿಗೆ ದವಡೆಯ ಒಂದು ಭಾಗ, ಜೊತೆಗೆ ಕುತ್ತಿಗೆಯ ಗಂಟುಗಳನ್ನು ತೆಗೆಯುತ್ತಾರೆ. ತೆಗೆದ ಜಾಗಕ್ಕೆ ಎದೆಯಿಂದಲೋ ಕಾಲಿನಿಂದಲೋ ಮಾಂಸ, ಚರ್ಮ ತಂದು ಕೂರಿಸುತ್ತಾರೆ. ಮುಖ ಬದಲಾಗುತ್ತದೆ. ಆಪರೇಷನ್ ಆದ ಮೇಲೆ ಮೊದಲ ಸಲ ನೋಡುವಾಗ ನಿನ್ನ ಮುಖದಲ್ಲಿ ಏನು ಮೂಡುತ್ತದೋ ಅದೇ ಅವನ ಪಾಲಿನ ಕನ್ನಡಿ. ಮೊದಲೇ ಡಾಕ್ಟರನ್ನು ಕೇಳಿ, ಅಂಥ ಫೋಟೋ ಒಂದನ್ನು ನೋಡಿ ಮನಸ್ಸು ಸಿದ್ಧ ಮಾಡಿಕೊಂಡು ಹೋಗು. ನಿಜವಾದ ಕನ್ನಡಿಯನ್ನು ಅವನು ಕೇಳಿದಾಗ ಕೊಡು. ಅಲ್ಲಿಯವರೆಗೆ ಬಚ್ಚಿಡುವುದೂ ಬೇಡ, ಮುಂದೆ ಹಿಡಿಯುವುದೂ ಬೇಡ.

ಕೆಲವು ವಾರ ಊಟವೆಲ್ಲ ಮೂಗಿನ ಪೈಪಿನಲ್ಲಿ. ಇದನ್ನು ನೀನು ಕಲಿಯಬೇಕು. ವಾರ್ಡಿನ ಸಿಸ್ಟರ್ ಹೇಳಿಕೊಡುವಾಗ ನಿನ್ನಮ್ಮನನ್ನು ಮುಂದೆ ತಳ್ಳಿ ನೀನು ಕಾರಿಡಾರಿನಲ್ಲಿ ಮೊಬೈಲ್ ನೋಡುತ್ತ ನಿಲ್ಲಬಾರದು. ಪೈಪಿನ ಮೇಲೆ ಮೂಗಿನ ಹತ್ತಿರ ಗುರುತು ಹಾಕಿರುತ್ತಾರೆ, ಪ್ರತಿ ಸಲ ಅದು ಅಲ್ಲೇ ಇದೆಯೇ ನೋಡಬೇಕು. ಸರಿದಿದ್ದರೆ ಏನೂ ಹಾಕಬಾರದು. ಕೂರಿಸಿಯೇ ಕೊಡಬೇಕು, ಕೊಟ್ಟ ಮೇಲೆ ಅರ್ಧ ಗಂಟೆಯಾದರೂ ಮಲಗಿಸಬಾರದು. ರಾಗಿ ಅಂಬಲಿ, ಬೇಳೆ ಕಟ್ಟು, ಹಾಲು, ಮೊಟ್ಟೆ, ರುಬ್ಬಿದ ಶೇಂಗಾ ಏನೇ ಆದರೂ ಬಟ್ಟೆಯಲ್ಲಿ ಸೋಸಿರಬೇಕು. ನಿಧಾನವಾಗಿ ಇಳಿಯಲು ಬಿಡಬೇಕು, ಮುಂಚೆ ಸ್ವಲ್ಪ, ಕೊನೆಗೆ ಸ್ವಲ್ಪ ನೀರು ಹಾಕಿ ಪೈಪು ತೊಳೆಯಬೇಕು. ಕೆಮ್ಮು ಬಂದರೆ ತಕ್ಷಣ ನಿಲ್ಲಿಸು. ಮಾತ್ರೆಗಳನ್ನು ಪುಡಿ ಮಾಡಿ ಹಾಕುವ ಮೊದಲು ಕೇಳು. ಕೆಲವನ್ನು ಪುಡಿ ಮಾಡಲೇಬಾರದು.

ಗಾಯ ಮಾಯ್ದ ಮೇಲೆ ಕರೆಂಟು, ಅಂದರೆ ರೇಡಿಯೇಷನ್. ಶಸ್ತ್ರಚಿಕಿತ್ಸೆಯಾಗಿ ಸುಮಾರು 6 ವಾರದೊಳಗೆ ಇದು ಶುರುವಾಗಬೇಕು. ಶುರುವಾಗುವ ಮೊದಲೇ ದಂತವೈದ್ಯರ ಹತ್ತಿರ ಹುಳುಕು ಹಲ್ಲುಗಳನ್ನು ತೆಗೆಸಿ ಮುಗಿಸಬೇಕು. ಕರೆಂಟು ಬಿದ್ದ ದವಡೆಯಲ್ಲಿ ಆಮೇಲೆ ಹಲ್ಲು ಕಿತ್ತರೆ ಮೂಳೆ ಮಾಯುವುದೇ ಕಷ್ಟ. ವಾರಕ್ಕೆ 5 ದಿನ, ಹೆಚ್ಚುಕಡಿಮೆ 6 ವಾರ, 30ರ ಆಸುಪಾಸು ಸಿಟ್ಟಿಂಗ್. ಮುಖಕ್ಕೆ ಅಚ್ಚು ಮಾಡಿದ ಮಾಸ್ಕ್ ಬಿಗಿದು ಮಲಗಿಸುತ್ತಾರೆ, ಯಂತ್ರದ ಕೆಳಗೆ ಕೆಲವೇ ನಿಮಿಷ, ನೋವಿಲ್ಲ. ಮನೆಗೆ ಬಂದ ಮೇಲೆ ಮೈಯಿಂದ ಏನೂ ಹೊರಸೂಸುವುದಿಲ್ಲ. ನಿನ್ನಕ್ಕನ ಮಗುವನ್ನು ಅವನು ಎತ್ತಿಕೊಳ್ಳಬಹುದು. ಆದರೆ ಮಧ್ಯೆ ದಿನಗಳು ತಪ್ಪಬಾರದು. ಚಿಕಿತ್ಸೆ ಎಳೆದಷ್ಟೂ ಅದರ ಬಲ ಕುಗ್ಗುತ್ತದೆ. ಸುಲಿದ ಅಡಿಕೆಯನ್ನು ಬೇಯಿಸದೆ ಬಿಟ್ಟರೆ ಏನಾಗುತ್ತದೆ ಎಂದು ನಿನಗೆ ಹೇಳಬೇಕಿಲ್ಲ. ಇದೂ ಹೊತ್ತಿನ ಕೆಲಸ. ಹಬ್ಬ, ಮದುವೆ, ಊರ ಜಾತ್ರೆ ಎಲ್ಲವೂ ಆ 6 ವಾರದಾಚೆಗೆ. ದಿನಾ ಕಡೂರಿನಿಂದ ಓಡಾಡಲಾಗದು, ಆಸ್ಪತ್ರೆಯ ಹತ್ತಿರದ ಧರ್ಮಶಾಲೆಗಳಲ್ಲಿ ಮೊದಲೇ ವಿಚಾರಿಸು. ಇಲ್ಲವೇ ನನ್ನ ಮನೆಗೆ ಬನ್ನಿ. ಇದನ್ನು ಬರೆಯುವ ಅಗತ್ಯವಿಲ್ಲ, ಆದರೂ ನಿನ್ನಪ್ಪನ ಸ್ವಾಭಿಮಾನ ನನಗೆ ಗೊತ್ತು. ಅಕ್ಕ ಕರೆದಿದ್ದಾಳೆ ಎಂದು ಓದಿ ಹೇಳು.

ಮೊದಲ ವಾರ ಏನೂ ಆಗಲಿಲ್ಲವಲ್ಲ ಎಂದು ಎಲ್ಲರೂ ನಿರಾಳವಾಗುತ್ತಾರೆ. ಎರಡನೆಯ, ಮೂರನೆಯ ವಾರದಿಂದ ಬಾಯೆಲ್ಲ ಹುಣ್ಣಾಗುತ್ತದೆ, ಜೊಲ್ಲು ಅಂಟಂಟಾಗಿ ಆಮೇಲೆ ಒಣಗುತ್ತದೆ, ರುಚಿ ಹೋಗುತ್ತದೆ, ಕುತ್ತಿಗೆಯ ಚರ್ಮ ಕಪ್ಪಾಗುತ್ತದೆ. "ಸಾಕು, ಊರಿಗೆ ಹೋಗೋಣ" ಎಂದು ರೋಗಿಗಳು ಹೇಳುವುದು ಆ ಹೊತ್ತಿನಲ್ಲೇ. ಅದಕ್ಕೆ ನೀನು ಸಿದ್ಧವಾಗಿರು. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಟೀ ಚಮಚ ಉಪ್ಪು, ಒಂದು ಟೀ ಚಮಚ ಅಡುಗೆ ಸೋಡಾ ಬೆರೆಸಿ ಎರಡು ಮೂರು ಗಂಟೆಗೊಮ್ಮೆ ಬಾಯಿ ಮುಕ್ಕಳಿಸಲಿ. ಖಾರ, ಹುಳಿ, ಬಿಸಿ ಬೇಡ. ಕುತ್ತಿಗೆಗೆ ಎಣ್ಣೆ, ಪೌಡರು, ರೇಜರು ಯಾವುದನ್ನೂ ಮುಟ್ಟಿಸಬೇಡ. ಮೆತ್ತನೆಯ ಹತ್ತಿ ಪಂಚೆಯನ್ನು ಸಡಿಲವಾಗಿ ಸುತ್ತು. ತೂಕ ವಾರವಾರವೂ ನೋಡು. ಇಳಿಯುತ್ತಿದ್ದರೆ, ಮಾಸ್ಕ್ ಸಡಿಲವಾಗಿದೆ ಅನ್ನಿಸಿದರೆ ಅಲ್ಲಿಯ ಸಿಬ್ಬಂದಿಗೆ ಹೇಳು. ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಪೇರಿಸಿ ಹಲ್ಲುಗಳ ಮಧ್ಯೆ ಇಟ್ಟು ಬಾಯಿ ತೆರೆಯುವ ವ್ಯಾಯಾಮ ಹೇಳಿಕೊಡುತ್ತಾರೆ. ಅದು ನೋವಿನ ಕೆಲಸ. ಆದರೂ ಬಿಟ್ಟರೆ ಮುಂದೆ ಬಾಯಿ ತೆರೆಯುವುದೇ ಇಲ್ಲ, ರೊಟ್ಟಿಯ ತುಂಡು ಒಳಗೆ ಹೋಗುವುದಿಲ್ಲ. ಅವನ ಜೊತೆ ನೀನೂ ಕೂತು ಕಡ್ಡಿ ಎಣಿಸು.

ಕರೆಂಟಿನ ಜೊತೆ ಸಿಸ್ಪ್ಲಾಟಿನ್ ಎಂಬ ಕೀಮೋ ಔಷಧಿ ಕೊಟ್ಟರೆ ಮೂತ್ರಪಿಂಡದ ಮೇಲೆ ಕಣ್ಣಿರಲಿ. ನೀರು ಎಷ್ಟು ಹೋಯಿತು, ಮೂತ್ರ ಎಷ್ಟು ಬಂತು ಎಂದು ಬರೆದಿಡು. ಕಿವಿಯಲ್ಲಿ ಗುಂಯ್‌ಗುಟ್ಟಿದರೆ ಡಾಕ್ಟರಿಗೆ ತಿಳಿಸು. ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲಲ್ಲ, ಹೇಳಿದ ಹೊತ್ತಿಗೆ ಮುಂಚೆಯೇ ಕೊಡಬೇಕು. ಮನೆಯಲ್ಲಿ ಒಂದು ಥರ್ಮಾಮೀಟರ್ ಇರಲೇಬೇಕು. ಕೀಮೋ ಆದವನಿಗೆ 100.4 ಡಿಗ್ರಿ ಜ್ವರ ಬಂತೆಂದರೆ, ಅದು ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗಬೇಕು. ಬಿಳಿ ರಕ್ತಕಣ ಕುಸಿದಿರುವಾಗ ಸೋಂಕು ಕೆಲವೇ ಗಂಟೆಗಳಲ್ಲಿ ಮನುಷ್ಯನನ್ನು ಕೆಡವುತ್ತದೆ. "ಒಂದು ಮಾತ್ರೆ ಕೊಟ್ಟು ಬೆಳಗಿನವರೆಗೆ ನೋಡೋಣ" ಎಂದು ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಿದರೆ ಜ್ವರ ಮರೆಯಾಗುತ್ತದೆ, ಸೋಂಕು ಒಳಗೇ ಬೆಳೆಯುತ್ತದೆ. ಈ ಇಡೀ ಪತ್ರದಲ್ಲಿ ಒಂದೇ ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೋ.

ನೋವಿನ ಬಗ್ಗೆಯೂ ಹೇಳಬೇಕು. ನಮ್ಮ ಗಂಡಸರಿಗೆ ನೋವು ತಡೆದುಕೊಳ್ಳುವುದೇ ಮರ್ಯಾದೆ. "ಹೇಗಿದೆ?" ಎಂದರೆ "ಪರವಾಗಿಲ್ಲ" ಎನ್ನುತ್ತಾರೆ. ಸೊನ್ನೆಯಿಂದ ಹತ್ತರವರೆಗೆ ಬೆರಳಿನಲ್ಲಿ ತೋರಿಸು ಎಂದು ಕೇಳು. ಆರು, ಏಳು ಎಂದರೆ ಡಾಕ್ಟರಿಗೆ ಹೇಳು. ಮಾರ್ಫಿನ್ ಬರೆದರೆ ಹೆದರಬೇಡ. ಕ್ಯಾನ್ಸರ್ ನೋವಿಗೆ ಡಾಕ್ಟರು ಹೇಳಿದ ಪ್ರಮಾಣದಲ್ಲಿ ಕೊಡುವ ಮಾರ್ಫಿನ್‌ನಿಂದ ನಿನ್ನಪ್ಪ ಚಟಕ್ಕೆ ಬೀಳುವುದಿಲ್ಲ, ಅದು ಸಾವಿನ ಮುನ್ಸೂಚನೆಯೂ ಅಲ್ಲ. ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದೇ 2014ರಲ್ಲಿ ಮಾದಕದ್ರವ್ಯ ಕಾನೂನಿಗೆ ತಿದ್ದುಪಡಿ ತಂದರು. ಮಲಬದ್ಧತೆ ಮಾತ್ರ ಖಂಡಿತ ಬರುತ್ತದೆ, ಅದಕ್ಕೆ ಜೊತೆಯಲ್ಲೇ ಔಷಧಿ ಕೇಳಿ ಪಡೆದುಕೋ.

ನಿನ್ನಮ್ಮನ ಮಾತಿಗೆ ಬರುತ್ತೇನೆ. ವಾರ್ಡಿನಲ್ಲಿ ನಾನು ಕಂಡ ಸೇವೆಯ ಬಹುಪಾಲು ಹೆಂಗಸರದು. ಗಂಡುಮಕ್ಕಳು ಬಿಲ್ಲು ಕಟ್ಟುತ್ತಾರೆ, ಔಷಧಿ ತರುತ್ತಾರೆ, ಅಲ್ಲಿಗೆ ತಮ್ಮ ಪಾಲು ಮುಗಿಯಿತು ಎಂದುಕೊಳ್ಳುತ್ತಾರೆ. ಹುಣ್ಣು ಒರೆಸುವುದು, ಜೊಲ್ಲಿನ ಬಟ್ಟೆ ಒಗೆಯುವುದು, ರಾತ್ರಿ ಮೂರು ಸಲ ಏಳುವುದು ಹೆಂಡತಿಯ, ಮಗಳ, ಸೊಸೆಯ ಪಾಲಿಗೆ ಬೀಳುತ್ತದೆ. ಅವಳು ತಿಂದಳೋ ಇಲ್ಲವೋ ಕೇಳುವವರಿಲ್ಲ. ನೀನು ಹಾಗಾಗಬಾರದು. ಎರಡು ರಾತ್ರಿ ಅಮ್ಮ ಆಸ್ಪತ್ರೆಯಲ್ಲಿದ್ದರೆ ಮೂರನೆಯ ರಾತ್ರಿ ನೀನಿರು. ಅಪ್ಪನಿಗೆ ಸ್ನಾನ ಮಾಡಿಸುವುದಕ್ಕೆ, ಬೆಡ್‌ಪ್ಯಾನ್ ಇಡುವುದಕ್ಕೆ ಹೇಸಬೇಡ. ಮಗನ ಮುಂದೆ ಅವನಿಗಾಗುವ ಸಂಕೋಚ ಎರಡು ದಿನದ್ದು. ಅಮ್ಮನ ಬಿ.ಪಿ. ಮಾತ್ರೆ ಮುಗಿದಿದೆಯೇ ನೋಡು. ನಿನ್ನಕ್ಕ ಗಂಡನ ಮನೆಯಿಂದ ಬಂದು ಹೋಗುವಾಗ "ನೀನೇನು ಎರಡು ದಿನ ಇದ್ದು ಹೋಗ್ತೀಯ" ಎಂದು ಚುಚ್ಚಬೇಡ. ದೂರವಿರುವವರಿಗೂ ಕೆಲಸ ಕೊಡು: ಒಬ್ಬರು ದುಡ್ಡಿನ ಲೆಕ್ಕ, ಒಬ್ಬರು ನೆಂಟರಿಗೆಲ್ಲ ಸುದ್ದಿ ಮುಟ್ಟಿಸುವುದು. ರಕ್ತ ಬೇಕಾದಾಗ ಯಾರನ್ನು ಕರೆಯಬೇಕೆಂಬ ಪಟ್ಟಿಯನ್ನು ನಿನ್ನ ಗೆಳೆಯರಿಗೆ ವಹಿಸು. ಗಂಡಸರು ಒಮ್ಮೆ ಕೊಟ್ಟರೆ ಮೂರು ತಿಂಗಳು ಕೊಡುವಂತಿಲ್ಲ, ಆದ್ದರಿಂದ ಪಟ್ಟಿ ಉದ್ದವಿರಲಿ.

ನಿನ್ನ ಬಗ್ಗೆ ಎರಡು ಮಾತು. ನಿನಗೆ ಅಪ್ಪನ ಮೇಲೆ ಕೋಪ ಬರುತ್ತದೆ. ನಿನ್ನ ವಯಸ್ಸಿನವರೆಲ್ಲ ಗೋವಾಕ್ಕೆ ಹೋಗಿರುವ ಫೋಟೋ ನೋಡಿ ಹೊಟ್ಟೆಯೂ ಉರಿಯುತ್ತದೆ. ಇದೆಲ್ಲ ಯಾವಾಗ ಮುಗಿಯುತ್ತದೋ ಎಂದು ಒಮ್ಮೆ ಅನ್ನಿಸಿ, ಮರುಕ್ಷಣ ನಿನ್ನನ್ನೇ ನೀನು ಶಪಿಸಿಕೊಳ್ಳುತ್ತೀಯ. ಇದು ಎಲ್ಲ ಮಕ್ಕಳಿಗೂ ಆಗುತ್ತದೆ, ಪಾಪವೇನಲ್ಲ. ಕೆಲಸ ಬಿಡುವ ತೀರ್ಮಾನವನ್ನು ಆವೇಶದಲ್ಲಿ ಮಾಡಬೇಡ. ಮ್ಯಾನೇಜರಿಗೆ ವಿಷಯ ಹೇಳಿ ರಜೆಯ ಲೆಕ್ಕ ಹಾಕು, ಕಂಪನಿಯ ವಿಮೆಯಲ್ಲಿ ತಂದೆತಾಯಿ ಸೇರಿದ್ದಾರೆಯೇ ನೋಡು. ವಾರಕ್ಕೊಮ್ಮೆಯಾದರೂ ಆಸ್ಪತ್ರೆಯಿಂದಾಚೆ ಎರಡು ಗಂಟೆ ಕಳೆ. ನಿದ್ದೆ ಹತ್ತದಿದ್ದರೆ, ಎದೆ ಹಿಡಿದಂತಾದರೆ 14416ಕ್ಕೆ ಫೋನು ಮಾಡು. ಅದು ಟೆಲಿ ಮಾನಸ್; ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನನ್ನ ಹತ್ತಿರ ಅತ್ತರೂ ಸರಿ. ಅಪ್ಪನ ಮುಂದೆ ಒಮ್ಮೆ ಕಣ್ಣೀರು ಬಂದರೂ ತಪ್ಪಿಲ್ಲ, ಅವನಿಗೂ ಅಳಲು ಅನುಮತಿ ಸಿಕ್ಕಂತಾಗುತ್ತದೆ.

ಚಿಕಿತ್ಸೆ ಫಲ ಕೊಟ್ಟರೆ ಅಲ್ಲಿಗೇ ಮುಗಿಯಿತು ಎಂದು ಫೈಲು ಕಟ್ಟಿಡಬೇಡ. ಈ ಕಾಯಿಲೆ ಮರಳುವುದಿದ್ದರೆ ಹೆಚ್ಚಾಗಿ ಮೊದಲ ಎರಡು ವರ್ಷದಲ್ಲೇ. ಡಾಕ್ಟರು ಬರೆದ ತಾರೀಕಿಗೆ ತಪ್ಪದೆ ತೋರಿಸಬೇಕು. ಕುತ್ತಿಗೆಗೆ ಕರೆಂಟು ಬಿದ್ದವರಿಗೆ ಥೈರಾಯ್ಡ್ ಕುಗ್ಗುವುದುಂಟು, ಅದರ ಪರೀಕ್ಷೆಯೂ ಆಗಾಗ ಆಗಬೇಕು. ಅವನ ಮಾತು ಮೊದಲಿನಂತೆ ಸ್ಪಷ್ಟವಾಗಿರುವುದಿಲ್ಲ. ನೆಂಟರ ಮುಂದೆ ನೀನು ಅವನ ಮಾತನ್ನು ಅರ್ಧಕ್ಕೆ ಹಿಡಿದು ಪೂರ್ತಿ ಮಾಡಬೇಡ. ಕಾದು ಕೇಳು, ಉಳಿದವರೂ ಕಾಯುವುದನ್ನು ಕಲಿಯುತ್ತಾರೆ.

ಫಲ ಕೊಡದಿದ್ದರೆ? ಈ ಪ್ರಶ್ನೆಯನ್ನು ನಾನು ತಪ್ಪಿಸಿಕೊಳ್ಳುವುದಿಲ್ಲ, ನೀನೂ ತಪ್ಪಿಸಿಕೊಳ್ಳಬೇಡ. ಇನ್ನು ಗುಣವಾಗುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಮಾಡಬೇಕಾದ್ದು ಬಹಳ ಇರುತ್ತದೆ. ನೋವು, ಉಸಿರಾಟ, ವಾಸನೆ, ನಿದ್ದೆ ಇವನ್ನೆಲ್ಲ ನೋಡಿಕೊಳ್ಳುವ ವೈದ್ಯವೇ ಬೇರೆ ಇದೆ, ಅದಕ್ಕೆ ಉಪಶಮನ ಚಿಕಿತ್ಸೆ ಎನ್ನುತ್ತಾರೆ. ಬೆಂಗಳೂರಿನ ಕರುಣಾಶ್ರಯ 1999ರಿಂದ ಅಂಥ ರೋಗಿಗಳನ್ನು ಒಂದು ರೂಪಾಯಿ ಪಡೆಯದೆ ನೋಡಿಕೊಳ್ಳುತ್ತಿದೆ. ಅಂಥ ಕಡೆ ಹೋಗುವುದೆಂದರೆ ಅಪ್ಪನನ್ನು ಕೈಬಿಟ್ಟಂತಲ್ಲ. ಕೊನೆಯ ದಿನಗಳನ್ನು ವೆಂಟಿಲೇಟರಿನಲ್ಲಿ ಕಳೆಯಬೇಕೋ, ಮನೆಯ ಜಗುಲಿಯಲ್ಲೋ ಎಂಬುದನ್ನು ಅವನು ಮಾತಾಡುವ ಸ್ಥಿತಿಯಲ್ಲಿರುವಾಗಲೇ ಕೇಳು. ಅಂಥ ಇಚ್ಛೆಯನ್ನು ಮೊದಲೇ ಬರೆದಿಡುವ ಹಕ್ಕನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯ ಮಾಡಿದೆ. ಕೇಳಿದರೆ ಅಪಶಕುನ ಎನ್ನುವವರಿದ್ದಾರೆ. ಕೇಳದೆ ಹೋದ ಮಕ್ಕಳು ಐ.ಸಿ.ಯು. ಬಾಗಿಲಲ್ಲಿ ಪರಸ್ಪರ ಜಗಳವಾಡುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಕೊನೆಯದಾಗಿ ಒಂದು ಮಾತು. ಅಪ್ಪ ಗುಣವಾದರೆ ಅದು ನಿನ್ನ ಗೆಲುವಲ್ಲ. ಆಗದಿದ್ದರೆ ನಿನ್ನ ಸೋಲೂ ಅಲ್ಲ. ಕ್ಯಾನ್ಸರ್ ಯಾವ ಹಂತದಲ್ಲಿ ಸಿಕ್ಕಿತು, ಅದರ ಸ್ವಭಾವ ಎಂಥದು ಎಂಬುದು ಮಗನ ಪ್ರೀತಿಯನ್ನು ನೋಡಿ ತೀರ್ಮಾನವಾಗುವುದಿಲ್ಲ. ನಿನ್ನ ಕೈಯಲ್ಲಿರುವುದು ಇಷ್ಟು: ಹೇಳಿದ ದಿನಕ್ಕೆ ಹೋಗುವುದು, ಜ್ವರ ನೋಡುವುದು, ಪೈಪು ತೊಳೆಯುವುದು, ನಿಜ ಹೇಳುವುದು, ಅಪ್ಪನನ್ನು ಕೇಳಿಯೇ ಮುಂದಿನ ಹೆಜ್ಜೆ ಇಡುವುದು. ಇಷ್ಟನ್ನು ಮಾಡಿದವನು ಮಗನ ಪಾಲಿನ ಕೆಲಸ ಪೂರ್ತಿ ಮಾಡಿದಂತೆ.

ದಂತವೈದ್ಯರ ಹತ್ತಿರ ಇನ್ನೂ ತೋರಿಸಿಲ್ಲವಾದರೆ, ಈ ವಾರವೇ ತೋರಿಸು.

ನಿನ್ನ ಅತ್ತೆ